ಏನೂ ಆಗಿಲ್ವಲ್ಲ, ಮತ್ಯಾಕೆ ದೂರು?

ನಮ್ಮ ಆಯಿಯ, ಅಂದ್ರೆ ಅಮ್ಮನ, ಬಲ ಮೊಣಕಾಲಿನ ಎಕ್ಸ್‌ರೇ ಮೇಲೆ ಒಂದು ಟೈರಿನ ಗುರುತು ಇದೆ. ಫಿಲ್ಮಿನ ಒಂದು ಮೂಲೆ ಸೀಳಿದೆ, ಮೂಳೆಯ ಮೇಲೆ ಅಡ್ಡಡ್ಡ ಗೀರು. ಆರು ತಿಂಗಳು ನಾನು ಅದನ್ನು ಕಾಪಾಡಿದಷ್ಟು ಜೋಪಾನವಾಗಿ ನನ್ನ ಮಾರ್ಕ್ಸ್ ಕಾರ್ಡನ್ನೂ ಕಾಪಾಡಿಲ್ಲ. ರಾಂಗ್ ಸೈಡಲ್ಲಿ ಅಪಾಯ ಆಗೋ ಹಾಗೆ ಗಾಡಿ ಓಡಿಸಿದವನ ಮೇಲೆ ಪೊಲೀಸ್ ದೂರು ಕೊಟ್ಟಿದ್ದೆ, ಆ ಕೇಸು ಮುಗಿದದ್ದು ಈಗಷ್ಟೇ. ಮರೆಯೋ ಮೊದಲು ಬರೆದುಬಿಡೋಣ ಅಂತ ಕೂತಿದ್ದೇನೆ. ಯಾಕಂದ್ರೆ ಶುರು ಮಾಡುವಾಗ ನನಗೆ ಇದನ್ನೆಲ್ಲ ಹೇಳೋರು ಯಾರೂ ಸಿಗಲಿಲ್ಲ. ಸಿಕ್ಕವರೆಲ್ಲ ಹೇಳಿದ್ದು ಒಂದೇ ಮಾತು, "ಏನೂ ಆಗಿಲ್ವಲ್ಲ, ಮತ್ಯಾಕೆ?"

ನನ್ನದು ಅಂಕೋಲೆಯಲ್ಲಿ ಒಂದು ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಪಹಣಿ ತಿದ್ದುಪಡಿ, ರೇಷನ್ ಕಾರ್ಡು, ಬೇಲಿ ಜಗಳ, ಎಲ್ಲದಕ್ಕೂ ಅರ್ಜಿ ಟೈಪ್ ಮಾಡಿಕೊಡೋನು. "ಮಾನ್ಯರೇ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ" ಅನ್ನೋದನ್ನು ಕಣ್ಣು ಮುಚ್ಚಿ ಹೊಡೆಯುತ್ತೇನೆ. ಹಾಗಾಗಿ ಪೊಲೀಸ್ ದೂರು ಅಂದ್ರೆ ನನಗೆ ನೀರು ಕುಡಿದಷ್ಟು ಸಲೀಸು ಅಂದುಕೊಂಡಿದ್ದೆ. ಅದು ಹೇಗೆ ಸುಳ್ಳಾಯಿತು ಅಂತ ಮುಂದೆ ಹೇಳುತ್ತೇನೆ.

ಜನವರಿಯ ಒಂದು ಸೋಮವಾರ. ಆಯಿಯ ಮಂಡಿನೋವಿಗೆ ಕಾರವಾರದ ಡಾಕ್ಟರಿಗೆ ತೋರಿಸಿ ಸ್ಕೂಟರಿನಲ್ಲಿ ವಾಪಸ್ ಬರುತ್ತಿದ್ದೆ. ಬಸ್ಸಿನ ಮೆಟ್ಟಿಲು ಹತ್ತೋಕೆ ಅವಳಿಗೆ ಆಗೋದಿಲ್ಲ, ಅದಕ್ಕೆ ಸ್ಕೂಟರ್. ಬಿಣಗಾದ ಸುರಂಗ ದಾಟಿ, ಅರ್ಗಾದಲ್ಲಿ ನೇವಿಯವರ ಉದ್ದದ ಗೋಡೆ ದಾಟಿ, ಅಮದಳ್ಳಿ ದಾಟಿ ಬಂದೆವು. ಸಂಜೆ ಐದರ ಹತ್ತಿರ. ಹೆದ್ದಾರಿ 66 ಅಲ್ಲಿ ನಾಲ್ಕು ಪಥ, ನಡುವೆ ಡಿವೈಡರ್. ನಾನು ಎಡಕ್ಕೇ ಇದ್ದೆ, ನಲವತ್ತರ ಮೇಲೆ ಹೋಗಿರಲಿಲ್ಲ. ತಿರುವಿನಲ್ಲಿ ನಮ್ಮದೇ ಪಥದಲ್ಲಿ ನಮ್ಮ ಎದುರಿಗೆ ಒಂದು ಮೀನಿನ ಪಿಕಪ್ ಬಂತು. ರಾಂಗ್ ಸೈಡ್. ಹೆಡ್‌ಲೈಟ್ ಮಿನುಗಿಸುತ್ತಾ, ಹಾರನ್ ಹೊಡೆಯುತ್ತಾ, ನಾವೇ ತಪ್ಪು ಮಾಡಿದವರ ಹಾಗೆ. ಡ್ರೈವರಿನ ಒಂದು ಕೈ ಕಿವಿಯ ಹತ್ತಿರ ಇತ್ತು.

ನಾನು ಎಡಕ್ಕೆ ಎಳೆದೆ. ಸ್ಕೂಟರ್ ಡಾಂಬರು ಬಿಟ್ಟು ಜಲ್ಲಿಗೆ ಇಳಿಯಿತು, ಅಷ್ಟು ದೂರ ಜಾರಿ ಹೇಗೋ ನಿಂತಿತು. ಬೀಳಲಿಲ್ಲ. ಆಯಿ ಎರಡೂ ಕೈಯಲ್ಲಿ ನನ್ನ ಅಂಗಿ ಹಿಡಿದಳು, ಮಡಿಲಲ್ಲಿದ್ದ ಎಕ್ಸ್‌ರೇ ಕವರ್ ಹಾರಿ ರಸ್ತೆಗೆ ಬಿತ್ತು. ಪಿಕಪ್ಪಿನ ಹಿಂದಿನ ಚಕ್ರ ಅದರ ಮೇಲೇ ಹೋಯಿತು. ಹಿಂದೆ ಸುರಿದ ಮೀನಿನ ನೀರು ರಸ್ತೆ ಮೇಲೆ ಉದ್ದಕ್ಕೆ ಗೆರೆ ಎಳೆದಿತ್ತು. ಆ ವಾಸನೆ ಇವತ್ತಿಗೂ ಮೂಗಿನಲ್ಲಿದೆ.

ಒಂದು ಮಾತು ಒಪ್ಪಿಕೊಳ್ಳಬೇಕು. ರಾಂಗ್ ಸೈಡಲ್ಲಿ ಬರೋದು ನಮ್ಮ ಕಡೆ ಹೊಸದೇನಲ್ಲ. ಡಿವೈಡರ್ ತೆರೆದಿರೋದು ಎಲ್ಲೋ ದೂರದಲ್ಲಿ, ಅಷ್ಟು ಸುತ್ತೋಕೆ ಯಾರಿಗೂ ಮನಸ್ಸಿಲ್ಲ. ಪೆಟ್ರೋಲ್ ಹಾಕಿಸಿಕೊಂಡು ನಾನೂ ಬದಿಯಲ್ಲಿ ಮೆಲ್ಲಗೆ ಉಲ್ಟಾ ಬಂದವನೇ. ಆದ್ರೆ ಬದಿಯಲ್ಲಿ ನುಸುಳೋದು ಬೇರೆ, ಪೂರ್ತಿ ಪಥ ಹಿಡಿದು ಫೋನಿನಲ್ಲಿ ಮಾತಾಡುತ್ತಾ ಎಂಬತ್ತರಲ್ಲಿ ಬರೋದು ಬೇರೆ, ಅಲ್ವಾ?

ನಮ್ಮ ಹಿಂದೆ ಒಂದು ಹುಬ್ಬಳ್ಳಿ ಕಡೆಯ ಕಾರು ಇತ್ತು. ಅವರೂ ಬ್ರೇಕ್ ಹಾಕಿ ಬದಿಗೆ ನಿಲ್ಲಿಸಿದರು. ಇಳಿದು ಬಂದು "ಏನೂ ಆಗಿಲ್ಲಲ್ರೀ? ತಾಯಾರಿಗೆ ನೀರು ಕೊಡ್ಲೇನ್ರಿ?" ಅಂದರು. ಹೋಗುವಾಗ ಹೇಳಿದ ಮಾತೇ ಈ ಕಥೆಗೆ ಜೀವ. "ನಮ್ಮ ಗಾಡ್ಯಾಗ ಕ್ಯಾಮೆರಾ ಐತ್ರಿ. ಬೇಕಾದ್ರ ತಗೋರಿ." ಅಲ್ಲೇ ಅವರ ನಂಬರ್ ತೆಗೆದುಕೊಂಡೆ. ನೀವೂ ಮೊದಲು ಮಾಡಬೇಕಾದ್ದು ಇದೇ. ಓಡಿಹೋದ ಗಾಡಿಯ ಹಿಂದೆ ಬೀಳಬೇಡಿ, ನಿಂತವರ ಫೋನ್ ನಂಬರ್ ಹಿಡಿಯಿರಿ.

ಅಲ್ಲಿಂದಲೇ 112ಕ್ಕೆ ಫೋನ್ ಮಾಡಿದೆ. ಕೂಡಲೇ ಎತ್ತಿದರು. ಆದ್ರೆ "ಎಲ್ಲಿದ್ದೀರಿ?" ಅಂದಾಗ ನಾನು ತೊದಲಿದೆ. ಕಾರವಾರ-ಅಂಕೋಲಾ ರಸ್ತೆ ಅಂದ್ರೆ ಸುಮಾರು 35 ಕಿಲೋಮೀಟರ್, ಅದರಲ್ಲಿ ಎಲ್ಲಿ ಅಂತ ಹೇಳೋದು? ಕಿಲೋಮೀಟರ್ ಕಲ್ಲು ನೋಡಿ ಹೇಳಬೇಕು, ಇಲ್ಲಾ ಹತ್ತಿರದ ಊರಿನ ಕ್ರಾಸ್, ದೇವಸ್ಥಾನ, ಹೋಟೆಲ್ ಹೇಳಬೇಕು. ಯಾವ ದಿಕ್ಕಿಗೆ ಹೋಗೋ ಪಥ ಅಂತ ಕೂಡ. 112 ಇಂಡಿಯಾ ಅಂತ ಆ್ಯಪ್ ಇದೆ, ಅದರಲ್ಲಿ ನೀವಿರೋ ಜಾಗ ತಾನೇ ಹೋಗುತ್ತೆ. ನನ್ನ ಫೋನಿನಲ್ಲಿ ಇರಲಿಲ್ಲ, ಈಗ ಇದೆ. ಪೊಲೀಸ್ ಗಾಡಿ ಬರೋ ಹೊತ್ತಿಗೆ ಇಪ್ಪತ್ತೈದು ನಿಮಿಷ ಆಗಿತ್ತು, ಪಿಕಪ್ ಅಷ್ಟರಲ್ಲಿ ಎಲ್ಲಿತ್ತೋ. ಬಂದವರು ಒಳ್ಳೆಯವರು. ಆಯಿಗೆ ಸಮಾಧಾನ ಹೇಳಿದರು, ಬರೆದುಕೊಂಡರು, "ದೂರು ಕೊಡೋದಿದ್ರೆ ಠಾಣೆಗೆ ಹೋಗಿ" ಅಂದರು. ಕರೆಯ ನಂಬರ್ ಕೇಳಿ ಇಟ್ಟುಕೊಂಡೆ. ಮುಂದೆ ಅದೇ ಎಷ್ಟೋ ಕೆಲಸಕ್ಕೆ ಬಂತು, ಇಷ್ಟು ಗಂಟೆಗೆ ಇಂಥಲ್ಲಿ ನಾನಿದ್ದೆ ಅನ್ನೋದಕ್ಕೆ ಬೇರೆ ಸಾಕ್ಷಿಯೇ ಬೇಕಾಗಲಿಲ್ಲ.

ಇನ್ನೊಂದು ನಂಬರ್ 1033. ಅದು ಹೆದ್ದಾರಿ ಪ್ರಾಧಿಕಾರದ್ದು. ಗಾಡಿ ಕೆಟ್ಟು ನಿಂತಿದ್ರೆ, ಅಪಘಾತ ಆಗಿದ್ರೆ, ರಸ್ತೆಯಲ್ಲಿ ಏನಾದ್ರೂ ಬಿದ್ದಿದ್ರೆ ಅದಕ್ಕೆ ಮಾಡಿ. ಹುಚ್ಚು ಡ್ರೈವಿಂಗಿನ ಮೇಲೆ ಕೇಸು ಹಾಕೋದು ಅವರ ಕೆಲಸ ಅಲ್ಲ.

ರಾತ್ರಿ ಬೆಂಗಳೂರಿನಲ್ಲಿರೋ ಅಕ್ಕನ ಮಗನಿಗೆ ಫೋನ್ ಮಾಡಿದೆ. "ಮಾಮಾ, ಇಷ್ಟು ತಲೆಬಿಸಿ ಯಾಕೆ? ಆ್ಯಪಲ್ಲಿ ಫೋಟೊ ಹಾಕು, ಅವರೇ ದಂಡ ಕಳಿಸ್ತಾರೆ" ಅಂದ. ಅದು ಅಸ್ತ್ರಂ ಅಂತ, ಬೆಂಗಳೂರು ಸಂಚಾರ ಪೊಲೀಸರದ್ದು. ಹಾಕಿಕೊಂಡೆ, ಓಟಿಪಿ ಎಲ್ಲ ಆಯಿತು, ಆಮೇಲೆ ತಿಳಿಯಿತು, ಅದು ಆ ನಗರಕ್ಕೆ ಮಾತ್ರ. ಎಂಪರಿವಾಹನ್ ಆ್ಯಪಿನಲ್ಲಿ ಹುಬ್ಬಳ್ಳಿಯವರ ವಿಡಿಯೊದಲ್ಲಿ ಕಂಡ ಗಾಡಿ ನಂಬರ್ ಹಾಕಿ ನೋಡಿದೆ. ಕೆಎ-30, ಅಂದ್ರೆ ಕಾರವಾರದ ನೋಂದಣಿ. ಇನ್ಶೂರೆನ್ಸ್, ಫಿಟ್‌ನೆಸ್ ಎಲ್ಲ ಕಾಣುತ್ತೆ, ಮಾಲೀಕರ ಹೆಸರಿನ ಜಾಗದಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ಅಕ್ಷರ, ಉಳಿದಿದ್ದು ನಕ್ಷತ್ರ. ಸಾಕು. ಹೆಸರು ಹುಡುಕೋದು ನಮ್ಮ ಕೆಲಸ ಅಲ್ಲ.

ಹಾಗೇ ಒಂದು ಇಮೇಲ್ ಕೂಡ ಪೊಲೀಸರಿಗೆ ಕಳಿಸಿ ಮಲಗಿದೆ. ದೂರು ಕೊಟ್ಟಾಯ್ತು ಅಂತ ನಿರಾಳ. ಇದು ನನ್ನ ಮೊದಲ ತಪ್ಪು. 2024ರ ಜುಲೈ 1ರಿಂದ ಬಂದ ಹೊಸ ಕಾನೂನು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ, ಇಮೇಲಿನಲ್ಲಿ ದೂರು ಕೊಡಬಹುದು ಅನ್ನುತ್ತೆ. ಆದ್ರೆ ಮೂರು ದಿನದೊಳಗೆ ಠಾಣೆಗೆ ಹೋಗಿ ಅದಕ್ಕೆ ಸಹಿ ಹಾಕಬೇಕು. ಹಾಕಿದ್ರೆ ಮಾತ್ರ ದಾಖಲು. ನಾನು ಮೂರು ದಿನ ಫೋನ್ ಬರುತ್ತೆ ಅಂತ ಕಾಯುತ್ತಾ ಅಂಗಡಿಯಲ್ಲಿ ಕೂತಿದ್ದೆ.

ನಾಲ್ಕನೇ ದಿನ ಠಾಣೆಗೆ ಹೋದೆ. ಠಾಣೆಗಳ ಹೆಸರು ಬೇಡ. ಮೊದಲನೆಯದರಲ್ಲಿ ಬಾಗಿಲ ಹತ್ತಿರದ ಬೆಂಚಿನಲ್ಲಿ ಒಂದೂವರೆ ತಾಸು. ಒಳಗೆ ಕರೆದವರು ಜಾಗ ಕೇಳಿದರು, ಗೋಡೆಯ ಮ್ಯಾಪ್ ನೋಡಿದರು, "ನಮ್ಮ ಹದ್ದಿಗೆ ಬರೋದಿಲ್ಲ" ಅಂದರು. ನಾನು ಎದ್ದು ಬಂದೆ. ಬರಬಾರದಿತ್ತು. ಘಟನೆ ಎಲ್ಲೇ ಆಗಿರಲಿ, ಯಾವ ಠಾಣೆಯಲ್ಲಾದರೂ ದೂರು ತಗೋಬೇಕು ಅಂತ ಅದೇ 173ನೇ ಕಲಂ ಹೇಳುತ್ತೆ. ಅದಕ್ಕೇ ಝೀರೋ ಎಫ್‌ಐಆರ್ ಅನ್ನೋದು. ಆಮೇಲೆ ಅವರೇ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಹೇಳಿದ್ದರೆ ತಗೊಳ್ಳುತ್ತಿದ್ದರೋ ಏನೋ. ನನಗೆ ಗೊತ್ತಿದ್ದರೆ ತಾನೆ ಹೇಳೋದು?

ಎರಡನೇ ಠಾಣೆಯಲ್ಲಿ ಪಿಎಸ್‌ಐ ಸಾಹೇಬರು ಬಂದೋಬಸ್ತಿಗೆ ಹೋಗಿದ್ದರು. ಮರುದಿನವೂ ಬಂದೋಬಸ್ತು. ಅದರ ಮರುದಿನ ಎಎಸ್‌ಐ ಒಬ್ಬರು ಸಿಕ್ಕರು. ಹಾವೇರಿ ಕಡೆಯವರು, ನಿವೃತ್ತಿಗೆ ಹತ್ತಿರ, ಮೂಗಿನ ತುದಿಗೆ ಕನ್ನಡಕ. ನಾನು ಮೂರು ಪುಟದ ದೂರು ಮುಂದಿಟ್ಟೆ. ಲೇಸರ್ ಪ್ರಿಂಟು, ಬೋಲ್ಡ್ ಅಕ್ಷರದಲ್ಲಿ ವಿಷಯ. ಯುವಜನರ ಬೇಜವಾಬ್ದಾರಿ, ಹೆದ್ದಾರಿಯ ದುಸ್ಥಿತಿ, ಮೀನಿನ ಗಾಡಿಗಳ ಹಾವಳಿ, ಎಲ್ಲ ಇತ್ತು. ಅವರು ಓದಿದರು. ಪುಟ ತಿರುಗಿಸಿದರು. ಮತ್ತೆ ಮೊದಲ ಪುಟಕ್ಕೆ ಬಂದರು.

"ಇದು ದೂರೋ, ಪೇಪರಿಗೆ ಬರೆದ ಲೇಖನಾನೋ?"

ಹದಿನೈದು ವರ್ಷದಿಂದ ಊರಿಗೆಲ್ಲ ಅರ್ಜಿ ಬರೆದುಕೊಟ್ಟವನಿಗೆ ಹೇಗಾಗಿರಬೇಡ. ಅವರು ಒಂದು ಬಿಳಿ ಹಾಳೆ ಕೊಟ್ಟು ಬಾಯಲ್ಲೇ ಹೇಳುತ್ತಾ ಹೋದರು. ತಾರೀಕು, ಹೊತ್ತು. ಜಾಗ, ಯಾವ ಕಡೆಯಿಂದ ಯಾವ ಕಡೆಗೆ ಹೋಗೋ ಪಥ. ನನ್ನ ಗಾಡಿ ಯಾವುದು, ಹಿಂದೆ ಯಾರು ಕೂತಿದ್ದರು. ಎದುರಿನ ಗಾಡಿಯ ನಂಬರ್, ಬಣ್ಣ. ಚಾಲಕ ಅದನ್ನು "ಅತಿವೇಗ ಮತ್ತು ನಿಷ್ಕಾಳಜಿಯಿಂದ, ಮಾನವ ಪ್ರಾಣಕ್ಕೆ ಅಪಾಯವಾಗುವ ರೀತಿಯಲ್ಲಿ" ಹೇಗೆ ಓಡಿಸಿದ, ಅಂದ್ರೆ ಕಣ್ಣಿಂದ ಕಂಡದ್ದು ಮಾತ್ರ. ಯಾರು ನೋಡಿದ್ದಾರೆ. ವಿಡಿಯೊ ಯಾರ ಹತ್ತಿರ ಇದೆ. ಮುಗಿಯಿತು. ಹದಿನಾಲ್ಕು ಸಾಲು. ಈಗ ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಅದರ ನಮೂನೆ ಇದೆ. ಇಬ್ಬರು ಬಂದು ಹಾಗೇ ಟೈಪ್ ಮಾಡಿಸಿಕೊಂಡು ಹೋಗಿದ್ದಾರೆ.

"ಮುಖ ನೋಡೀರೇನು?" ಅಂದರು. ಇಲ್ಲ, ಗಾಜಿನ ಮೇಲೆ ಬಿಸಿಲು ಬಿದ್ದಿತ್ತು. "ಹಂಗಂತನೇ ಬರೀರಿ. ನೋಡಿಲ್ಲದ್ದನ್ನ ನೋಡೀನಿ ಅನಬ್ಯಾಡ್ರಿ, ಕೋರ್ಟಿನಾಗ ಅದೇ ಕುತ್ತಿಗಿಗೆ ಬರ್ತೈತಿ."

ಆಮೇಲೆ ನನ್ನ ಕಾಗದ ಕೇಳಿದರು. ಡಿಎಲ್, ಆರ್‌ಸಿ, ಇನ್ಶೂರೆನ್ಸ್ ಡಿಜಿಲಾಕರಿನಲ್ಲಿ ಇತ್ತು, ತೋರಿಸಿದೆ. ಎಮಿಷನ್ ಸರ್ಟಿಫಿಕೇಟ್ ನೋಡಿದರೆ ಮುಗಿದು ಹನ್ನೊಂದು ದಿನ. ಪಕ್ಕದ ಕಾನ್‌ಸ್ಟೇಬಲ್ ನಕ್ಕುಬಿಟ್ಟರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಎದ್ದು ಹೋಗಿ ಹೊಗೆ ಪರೀಕ್ಷೆ ಮಾಡಿಸಿಕೊಂಡು ಬಂದು ಮತ್ತೆ ಸರದಿಯಲ್ಲಿ ಕೂತೆ. ಠಾಣೆಗೆ ಹೋಗೋ ಮೊದಲು ನಿಮ್ಮ ಗಾಡಿಯ ಕಾಗದ ಒಮ್ಮೆ ನೋಡಿಕೊಳ್ಳಿ, ಸುಮ್ನೆ ಹೇಳುತ್ತಿಲ್ಲ.

ಪಿಎಸ್‌ಐ ಬಂದ ಮೇಲೆ ನಿಜವಾದ ಮಾತುಕತೆ. ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. "ಯಾರಿಗೂ ಏನೂ ಆಗಿಲ್ವಲ್ಲ. ಗಾಡಿ ಹಿಡಿದು ದಂಡ ಹಾಕಿ, ಬೈದು ಕಳಿಸ್ತೇವೆ. ಎಫ್‌ಐಆರ್ ಬೇಕೇ ಬೇಕಾ? ಸಾಕ್ಷಿಗೆ ಅಂತ ನೀವೇ ಓಡಾಡಬೇಕಾಗುತ್ತೆ." ಎಲ್ಲರಿಗೂ ಎಫ್‌ಐಆರ್ ಬೇಕಾಗೋದಿಲ್ಲ, ಇದನ್ನು ನಾನೂ ಒಪ್ಪುತ್ತೇನೆ. ಸಮಯ ಇಲ್ಲದವರು ನಂಬರ್ ಮತ್ತು ವಿಡಿಯೊ ಕೊಟ್ಟು ದಂಡ ಹಾಕಿಸಿ ಬಂದರೂ ಅದು ದೂರೇ. ಆದ್ರೆ ಆ "ಏನೂ ಆಗಿಲ್ವಲ್ಲ" ನನಗೆ ಅಷ್ಟರಲ್ಲಿ ಸಾಕುಸಾಕಾಗಿತ್ತು. ಪಕ್ಕದ ಮನೆಯವರು ಅಂದಿದ್ದರು, ಅಂಗಡಿಗೆ ಬಂದವರು ಅಂದಿದ್ದರು, ನನ್ನ ಹೆಂಡತಿ ಕೂಡ ಅಂದಿದ್ದಳು. ನಾನು ಚೀಲದಿಂದ ಎಕ್ಸ್‌ರೇ ತೆಗೆದು ಮೇಜಿನ ಮೇಲಿಟ್ಟೆ. ಅವರು ಅದನ್ನು ಟ್ಯೂಬ್‌ಲೈಟಿಗೆ ಹಿಡಿದರು. ಮೊಣಕಾಲ ಚಿಪ್ಪಿನ ಮೇಲೆ ಟೈರಿನ ಗೀರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

"ಕಾಲು ಎಷ್ಟು ದೂರ ಇತ್ತು?" ಅಂದರು.

"ಒಂದು ಮಾರು ಇರಬಹುದು."

ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಹಾಕಿದರು. ಹಳೆಯ ಐಪಿಸಿಯಲ್ಲಿ ಇದೇ 279 ಆಗಿತ್ತು. ಇದರಲ್ಲಿ ಯಾರಿಗಾದರೂ ಪೆಟ್ಟಾಗಿರಲೇಬೇಕು ಅಂತಿಲ್ಲ. ಪ್ರಾಣಕ್ಕೆ ಅಪಾಯ ಆಗೋ ಹಾಗೆ, ಇಲ್ಲಾ ಪೆಟ್ಟಾಗಬಹುದಾದ ಹಾಗೆ ಓಡಿಸಿದರೆ ಸಾಕು. ಆರು ತಿಂಗಳವರೆಗೆ ಸಜೆ, ಇಲ್ಲಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಪೊಲೀಸರು ಕೋರ್ಟಿನ ಅಪ್ಪಣೆ ಇಲ್ಲದೇ ತನಿಖೆ ಮಾಡಬಹುದಾದ ಅಪರಾಧ, ಜಾಮೀನು ಸಿಗುತ್ತೆ. ಜೊತೆಗೆ ಮೋಟಾರು ವಾಹನ ಕಾಯ್ದೆಯ 184. 2019ರ ತಿದ್ದುಪಡಿ ಆದ ಮೇಲೆ ಕೈಯಲ್ಲಿ ಫೋನ್ ಹಿಡಿದು ಓಡಿಸೋದು, ಎದುರು ದಿಕ್ಕಿನಲ್ಲಿ ಬರೋದು, ನಿಯಮ ಮೀರಿ ಓವರ್‌ಟೇಕ್ ಮಾಡೋದು, ಇವನ್ನೆಲ್ಲ ಆ ಕಲಂ ಹೆಸರು ಹಿಡಿದೇ ಹೇಳುತ್ತೆ. ಮೊದಲ ಸಲಕ್ಕೆ ದಂಡ 1,000ದಿಂದ 5,000 ರೂಪಾಯಿ, ಜೈಲಾದರೆ ಆರು ತಿಂಗಳಿಂದ ಒಂದು ವರ್ಷ.

ಈಗ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ. ಎಎಸ್‌ಐ ಬೆರಳಲ್ಲಿ ದಿನ ಎಣಿಸುತ್ತಿದ್ದರು, ಯಾಕೆ ಅಂತ ಕೇಳಿದೆ. 184ರಲ್ಲಿ ಶಿಕ್ಷೆ ಆಗಬೇಕಾದರೆ ಚಾಲಕನಿಗೆ ಸ್ಥಳದಲ್ಲೇ ಎಚ್ಚರಿಕೆ ಕೊಟ್ಟಿರಬೇಕು, ಇಲ್ಲದಿದ್ದರೆ 14 ದಿನದೊಳಗೆ ನೋಟಿಸ್ ಹೋಗಿರಬೇಕು, ಇಲ್ಲಾ 28 ದಿನದೊಳಗೆ ಸಮನ್ಸ್. ಅದೇ ಕಾಯ್ದೆಯ 209ನೇ ಕಲಂ. ಗಾಡಿಯವನ ಪತ್ತೆಯೇ ಆಗದಿದ್ದರೆ ಅಂತ ಸ್ವಲ್ಪ ರಿಯಾಯಿತಿ ಇದೆ. ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಏಳು ದಿನ ಕಳೆದಿತ್ತು. ನಾಳೆ ನಾಡಿದ್ದು ಅನ್ನುತ್ತಾ ಹದಿನೈದು ದಿನ ಬಿಟ್ಟು ಹೋದರೆ ಪೊಲೀಸರಿಗೆ ಮನಸ್ಸಿದ್ದರೂ ಕೈ ಕಟ್ಟಿದ ಹಾಗೆ.

ಎಫ್‌ಐಆರ್ ಪ್ರತಿ ಅಲ್ಲೇ ಕೊಟ್ಟರು. ಅದು ಉಚಿತ, ಕಾನೂನೇ ಹಾಗೆ ಹೇಳುತ್ತೆ. ನಿಮ್ಮಲ್ಲಿ ತಗೊಳ್ಳೋದೇ ಇಲ್ಲ ಅಂದ್ರೆ ದೂರನ್ನು ಎಸ್‌ಪಿ ಕಚೇರಿಗೆ ಅಂಚೆಯಲ್ಲಿ ಕಳಿಸಬಹುದು. ನಮ್ಮ ಜಿಲ್ಲೆಗೆ ಅದು ಕಾರವಾರದಲ್ಲಿದೆ. ಒಂದು ನೆನಪಿರಲಿ, ಎಫ್‌ಐಆರಿನಲ್ಲಿ ದೂರುದಾರನ ಹೆಸರು ವಿಳಾಸ ಇರುತ್ತೆ, ಆರೋಪಿಗೂ ಅದರ ಪ್ರತಿ ಸಿಗುತ್ತೆ. ಗುಟ್ಟಾಗಿ ಎಫ್‌ಐಆರ್ ಮಾಡಿಸೋಕೆ ಆಗೋದಿಲ್ಲ. ಹೆಸರು ಹೊರಗೆ ಬರಬಾರದು ಅನ್ನೋರು 112ಕ್ಕೆ ಗಾಡಿ ನಂಬರ್ ಹೇಳಿ ಬಿಡೋದು ಒಳ್ಳೆಯದು.

ವಿಡಿಯೊದ್ದು ದೊಡ್ಡ ರಾಮಾಯಣ. ಹುಬ್ಬಳ್ಳಿಯವರು ಆವತ್ತು ರಾತ್ರಿಯೇ ವಾಟ್ಸ್‌ಆ್ಯಪಿನಲ್ಲಿ ಕಳಿಸಿದ್ದರು. ನಂಬರ್ ಪ್ಲೇಟ್ ಬರೀ ಬೆಳ್ಳಗೆ ಮಸುಕು. ವಾಟ್ಸ್‌ಆ್ಯಪ್ ವಿಡಿಯೊವನ್ನು ಹಿಂಡಿ ಸಣ್ಣದು ಮಾಡುತ್ತೆ, ಅದಕ್ಕೆ. ಡಾಕ್ಯುಮೆಂಟ್ ಆಗಿ ಕಳಿಸಿ ಅಂದೆ, ಆಗ ನಂಬರ್ ಸ್ಪಷ್ಟ ಕಂಡಿತು. ಆದ್ರೆ ತನಿಖಾಧಿಕಾರಿಗೆ ಬೇಕಾದ್ದು ಕ್ಯಾಮೆರಾದ ಮೂಲ ಫೈಲ್. ಡ್ಯಾಶ್‌ಕ್ಯಾಮ್ ತುಂಬಿದ ಹಾಗೆ ಹಳೆಯದರ ಮೇಲೇ ರೆಕಾರ್ಡ್ ಮಾಡುತ್ತೆ. ಪುಣ್ಯಕ್ಕೆ ಅವರು ಮೆಮೊರಿ ಕಾರ್ಡ್ ಅವತ್ತೇ ತೆಗೆದಿಟ್ಟಿದ್ದರು. ಅದಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಹಿಂದೆ 65ಬಿ ಅನ್ನುತ್ತಿದ್ದರಲ್ಲ, ಅದೇ. ಎರಡು ಭಾಗ. ಮೊದಲನೆಯದಕ್ಕೆ ಕ್ಯಾಮೆರಾದ ಯಜಮಾನ ಸಹಿ ಹಾಕಬೇಕು, ಎರಡನೆಯದಕ್ಕೆ ತಜ್ಞರು. ಅದರಲ್ಲಿ ಫೈಲಿನ ಹ್ಯಾಶ್ ವ್ಯಾಲ್ಯೂ ಅಂತ ಉದ್ದನೆಯ ಅಕ್ಷರಸಾಲು ಬರೆಯಬೇಕು, ಫೈಲಿನ ಬೆರಳಚ್ಚು ಇದ್ದ ಹಾಗೆ. ಒಂದು ಚೂರು ಎಡಿಟ್ ಮಾಡಿದರೂ ಅದು ಬದಲಾಗುತ್ತೆ. ಹಾಗಾಗಿ ವಿಡಿಯೊ ಕತ್ತರಿಸಬೇಡಿ, ಹಾಡು ಸೇರಿಸಬೇಡಿ, ಬಾಣದ ಗುರುತು ಹಾಕಬೇಡಿ. ಎಲ್ಲಕ್ಕಿಂತ ಮೊದಲು, ಸ್ಟೇಟಸ್ಸಿಗೆ ಹಾಕಿ ಊರಿಗೆಲ್ಲ ಹಂಚಬೇಡಿ.

ಆ ಮನುಷ್ಯ ಕೆಲಸ ಬಿಟ್ಟು ಹುಬ್ಬಳ್ಳಿಯಿಂದ ಬಂದು ಹೇಳಿಕೆ ಕೊಟ್ಟು, ಸಹಿ ಹಾಕಿ, ಮೆಮೊರಿ ಕಾರ್ಡ್ ಒಪ್ಪಿಸಿ ಹೋದರು. ಊಟಕ್ಕೆ ಕರೆದರೆ "ಮೀನಿನ ಊಟ ಅಂದ್ರ ಬರ್ತೀನ್ರಿ" ಅಂದರು. ಇಷ್ಟೆಲ್ಲ ಆದ ಮೇಲೂ ಮೀನು! ಇವರು ಸಿಗದೇ ಹೋಗಿದ್ದರೆ ನನ್ನ ಕೇಸು ಹದಿನಾಲ್ಕು ಸಾಲಿನಲ್ಲೇ ನಿಲ್ಲುತ್ತಿತ್ತು.

ಸ್ಥಳ ಪಂಚನಾಮೆಗೆ, ಅಂದ್ರೆ ಪೊಲೀಸರು ಜಾಗ ನೋಡಿ ಬರೆದುಕೊಳ್ಳೋದಕ್ಕೆ, ಇಬ್ಬರು ಪಂಚರು, ಹೊರಗಿನ ಸಾಕ್ಷಿಗಳು, ಬೇಕು. ಹೆದ್ದಾರಿ ಬದಿಯಲ್ಲಿ ಯಾರು ಬರುತ್ತಾರೆ? ಒಬ್ಬ ಎಳನೀರು ಮಾರುವವನು "ನಂಗೆ ಕೋರ್ಟು ಕಚೇರಿ ಬೇಡ ಮಾರಾಯ" ಅಂತ ಕತ್ತಿ ಹಿಡಿದುಕೊಂಡೇ ಒಳಗೆ ಹೋದ. ಕೊನೆಗೆ ಚಹಾ ಅಂಗಡಿಯ ಅಣ್ಣ ಮತ್ತು ಅವರ ಭಾವ ಒಪ್ಪಿದರು. ಪೊಲೀಸರು ಟೇಪ್ ಹಿಡಿದು ಅಳೆದರು, ಜಲ್ಲಿಯಲ್ಲಿ ನನ್ನ ಚಕ್ರದ ಗುರುತು ಹುಡುಕಿದರು. ಇಷ್ಟು ದಿನಕ್ಕೆ ಅದೆಲ್ಲಿ ಇರುತ್ತೆ? ಅವತ್ತೇ ಒಂದು ಫೋಟೊ ಹೊಡೆದಿದ್ದರೆ ಎಷ್ಟು ಚೆನ್ನಾಗಿತ್ತು.

ಡ್ರೈವರ್ ಯಾರು ಅನ್ನೋದು ಮಾಲೀಕನ ಬಾಯಿಂದಲೇ ಬರಬೇಕಿತ್ತು. ಪೊಲೀಸರು ಕೇಳಿದರೆ ಚಾಲಕನ ಹೆಸರು, ವಿಳಾಸ, ಲೈಸೆನ್ಸ್ ವಿವರ ಕೊಡಬೇಕು ಅಂತ ಮೋಟಾರು ವಾಹನ ಕಾಯ್ದೆಯ 133ನೇ ಕಲಂ ಇದೆ. ಮಾಲೀಕ ಮೊದಲು ಗಾಡಿ ಆವತ್ತು ಮನೆಯಲ್ಲೇ ಇತ್ತು ಅಂದನಂತೆ. ಪಿಕಪ್ ಅಂಕೋಲಾ ಕಡೆಯಿಂದ ಬಂದದ್ದು ಅಲ್ವಾ, ಅಂದ್ರೆ ಹಟ್ಟಿಕೇರಿ ಟೋಲ್ ದಾಟಿರಲೇಬೇಕು. ಪೊಲೀಸರು ಅಲ್ಲಿಯ ಸಿಸಿಟಿವಿ ತರಿಸಿದರು. ಗಾಡಿಯೂ ಇತ್ತು, ಹುಡುಗನ ಮುಖವೂ ಇತ್ತು. ಆಮೇಲೆ ಹೆಸರು ಬಂತು. ಸಿಸಿಟಿವಿಯೂ ಡ್ಯಾಶ್‌ಕ್ಯಾಮಿನ ಹಾಗೇ, ಹಳೆಯದು ಅಳಿಸಿಹೋಗುತ್ತೆ. ಟೋಲ್, ಪೆಟ್ರೋಲ್ ಬಂಕು, ಅಂಗಡಿ ಕ್ಯಾಮೆರಾ ಎಲ್ಲಿದೆ ಅಂತ ದೂರಿನಲ್ಲೇ ಬರೆದುಬಿಡಿ.

ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಮಾಲೀಕ ನನ್ನ ಅಂಗಡಿಗೇ ಬಂದ. ಜೊತೆಗೆ ನಮ್ಮೂರಿನ ಹಿರಿಯರೊಬ್ಬರು, ನಮ್ಮ ಅಪ್ಪನ ಜೊತೆ ಓದಿದವರು. ಇದಕ್ಕೇ ನಾನು ಹೆದರಿದ್ದು. ಬೈದರೆ ಬೈಯಬಹುದು. ಇವರು ಬೈಯಲಿಲ್ಲ.

"ತಮ್ಮಾ, ಆ ಹುಡುಗಂದು ಒಂದೇ ದುಡಿಮೆ. ತಂಗಿ ಮದುವೆ ಇದೆ. ನಿಮ್ಮ ಆಯಿಗೆ ಎಂತದೂ ಆಗಿಲ್ವಲ್ಲ. ಹೊಸ ಎಕ್ಸ್‌ರೇ ಖರ್ಚು ಇವರು ಕೊಡ್ತಾರಂತೆ. ಒಂದು ಕಾಗದ ಬರ್ಕೊಡು, ಮುಗೀತು."

ಆ ರಾತ್ರಿ ನಿದ್ದೆ ಬರಲಿಲ್ಲ. ಹುಡುಗನಿಗೆ ಇಪ್ಪತ್ತೆರಡು ವರ್ಷವಂತೆ. ಬಂದರಿನಿಂದ ಮಾರ್ಕೆಟ್ಟಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸದಿದ್ದರೆ ಮೀನಿಗೆ ರೇಟು ಇಳಿಯುತ್ತೆ, ಮಾಲೀಕನೇ ಫೋನ್ ಮಾಡಿ ಅವಸರ ಮಾಡುತ್ತಾನೆ. ಅವತ್ತು ಆ ಕಿವಿಯ ಹತ್ತಿರದ ಫೋನಿನ ಇನ್ನೊಂದು ತುದಿಯಲ್ಲಿ ಈ ಮನುಷ್ಯನೇ ಇದ್ದನೋ ಏನೋ. ಆಯಿಯನ್ನು ಕೇಳಿದೆ. ಅವಳು ಮೀನು ಹೆಚ್ಚುತ್ತಿದ್ದವಳು ತಲೆ ಎತ್ತದೇ ಅಂದಳು, "ಗುಳ್ಳಾಪುರದಲ್ಲಿ ಲಾರಿ ಬಿತ್ತಲ್ಲ, ಕುಮಟಾ ಸಂತೆಗೆ ಹೊರಟವರು. ಅವರೂ ಹಿಂದಿನ ದಿನದವರೆಗೆ ಏನೂ ಆಗದವರೇ." 2025ರ ಜನವರಿ 22ರ ಮಾತು ಅದು, ಹತ್ತು ಜನ ಹೋಗಿದ್ದರು. ಮೂಗಿಗೆ ಸೆರಗು ಒತ್ತಿಕೊಂಡು ಅವಳು ಅವತ್ತು ಟಿವಿ ನೋಡಿದ್ದು ನನಗೆ ನೆನಪಿದೆ.

ಮರುದಿನ ಹಿರಿಯರಿಗೆ ಫೋನ್ ಮಾಡಿ, ಆಗೋದಿಲ್ಲ ಅಂದೆ. ನಿಜ ಹೇಳಬೇಕೆಂದರೆ ಒಪ್ಪಿದ್ದರೂ ಉಪಯೋಗ ಇರಲಿಲ್ಲ. 281ರಲ್ಲಿ ದೂರುದಾರ ರಾಜಿ ಮಾಡಿಕೊಂಡು ಕೇಸು ಮುಗಿಸೋಕೆ ಕಾನೂನಿನಲ್ಲಿ ಅವಕಾಶವೇ ಇಲ್ಲ. ಕಾಗದ ಬರೆದುಕೊಟ್ಟಿದ್ದರೆ ನನ್ನ ಮಾತೇ ನನಗೆ ತಿರುಗಿಬೀಳುತ್ತಿತ್ತು. ಆ ಹಿರಿಯರು ಈಗ ಎದುರು ಸಿಕ್ಕರೆ ತಲೆ ಆಡಿಸುತ್ತಾರೆ, ಮಾತಾಡೋದಿಲ್ಲ. ಖರ್ಚಿನ ಲೆಕ್ಕದಲ್ಲಿ ಇದನ್ನೂ ಬರೆದುಕೊಳ್ಳಬೇಕು.

ದುಡ್ಡಿನ ಖರ್ಚು ಅಂಥದ್ದೇನಿಲ್ಲ. ನಮ್ಮ ಕಡೆಯ ಪ್ರತಿಗೆ ಪೆನ್‌ಡ್ರೈವ್ 350 ರೂಪಾಯಿ, ಪೆಟ್ರೋಲ್ ಏಳುನೂರರ ಹತ್ತಿರ, ಹೊಸ ಎಕ್ಸ್‌ರೇ, ಪಂಚರಿಗೆ ಚಹಾ. ಝೆರಾಕ್ಸ್ ನಮ್ಮದೇ. ಠಾಣೆಯಲ್ಲಿ ಒಂದು ರೂಪಾಯಿ ಯಾರೂ ಕೇಳಲಿಲ್ಲ. ಆದ್ರೆ ಒಂಬತ್ತು ಸಲ ಅಂಗಡಿ ಬಾಗಿಲು ಹಾಕಿದ್ದೇನೆ. ಅದರಲ್ಲಿ ಎರಡು ದಿನ ಕಾಲೇಜು ಅರ್ಜಿಯ ಸೀಸನ್.

ಏಪ್ರಿಲ್ ಪೂರ್ತಿ ಸುದ್ದಿಯೇ ಇಲ್ಲ. 90 ದಿನದೊಳಗೆ ತನಿಖೆ ಎಲ್ಲಿಗೆ ಬಂತು ಅಂತ ದೂರುದಾರನಿಗೆ ಪೊಲೀಸರು ತಿಳಿಸಬೇಕು, ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಂ. ನಾನು ಒಂದು ಕಾಗದ ಬರೆದು, ಈ ಸಲ ಆರೇ ಸಾಲು, ಠಾಣೆಗೆ ಕೊಟ್ಟು ಸ್ವೀಕೃತಿ ತಗೊಂಡೆ. ಎಎಸ್‌ಐ ಓದಿ "ಈಗ ಬರಿಯಾಕ ಕಲ್ತೀರಿ ನೋಡ್ರಿ" ಅಂದರು. ವಾರದಲ್ಲಿ ದೋಷಾರೋಪ ಪಟ್ಟಿ ಕೋರ್ಟಿಗೆ ಹೋಯಿತು. ಹುಡುಗನ ಡಿಎಲ್ ಅಮಾನತಿಗೆ ಆರ್‌ಟಿಒಗೂ ಬರೆದರು.

ಜೂನ್ ಬಂತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಟ್ರಾಲರ್ ಕಡಲಿಗೆ ಇಳಿಯೋ ಹಾಗಿಲ್ಲ, ಹಾಗಾಗಿ ಮೀನಿನ ಗಾಡಿಗಳಿಗೂ ಕೆಲಸ ಕಮ್ಮಿ. ಹುಡುಗ ಆ ಬಿಡುವಿನಲ್ಲಿ ಕೋರ್ಟಿಗೆ ಬಂದು ತಪ್ಪು ಒಪ್ಪಿಕೊಂಡ. ಎರಡೂ ಕಲಂ ಸೇರಿ 3,500 ರೂಪಾಯಿ ದಂಡ. ತಪ್ಪು ಒಪ್ಪಿಕೊಂಡಿದ್ದರಿಂದ ನನ್ನನ್ನು ಸಾಕ್ಷಿಗೆ ಕರೆಯಲೇ ಇಲ್ಲ. ಇಸ್ತ್ರಿ ಮಾಡಿಟ್ಟ ಬಿಳಿ ಅಂಗಿ ಹಾಗೇ ಕಪಾಟಿನಲ್ಲಿದೆ. ನನಗೆ ಇದು ಗೊತ್ತಾದದ್ದೂ ಠಾಣೆಗೆ ಫೋನ್ ಮಾಡಿ ಕೇಳಿದ ಮೇಲೆ.

ಮೊನ್ನೆ ಮಳೆಯಲ್ಲಿ ಒಬ್ಬ ಹುಡುಗ ಅಂಗಡಿಗೆ ಬಂದ. ಪ್ಲಾಸ್ಟಿಕ್ ಕವರಿನಿಂದ ಕಾಗದ ತೆಗೆದು "ಆರ್‌ಟಿಒಗೆ ಕೊಡಬೇಕು, ಒಂದೊಂದು ಪ್ರತಿ" ಅಂದ. ದಂಡದ ರಸೀದಿ, ಡಿಎಲ್, ಎಫ್‌ಐಆರ್. ಟೋಲಿನ ವಿಡಿಯೊದಲ್ಲಿ ಕಂಡಿದ್ದಕ್ಕಿಂತ ತೆಳ್ಳಗಿದ್ದ. ನನ್ನನ್ನು ಅವನು ಯಾವತ್ತೂ ಸರಿಯಾಗಿ ನೋಡೇ ಇಲ್ಲ, ಗುರುತು ಸಿಗಲಿಲ್ಲ. ಎಫ್‌ಐಆರಿನ ಮೊದಲ ಪುಟ ಗಾಜಿನ ಮೇಲೆ ಮಗುಚಿ ಹಾಕಿದೆ. ದೂರುದಾರರ ಹೆಸರಿನ ಮುಂದೆ ನನ್ನ ಹೆಸರು, ಅಪ್ಪನ ಹೆಸರು, ಊರು. ಬೆಳಕು ಒಮ್ಮೆ ಅತ್ತಿಂದಿತ್ತ ಹರಿದು ಪ್ರತಿ ಹೊರಗೆ ಬಂತು.

"ಎಷ್ಟಾಯ್ತು ಅಣ್ಣಾ?"

"ಆರು ರೂಪಾಯಿ."

ಹತ್ತರ ನೋಟು ಕೊಟ್ಟ. ನಾಲ್ಕು ರೂಪಾಯಿ ಚಿಲ್ಲರೆ ಹುಡುಕಿ ಕೊಟ್ಟೆ. ಕಾಗದ ಒದ್ದೆ ಆಗದ ಹಾಗೆ ಅಂಗಿಯೊಳಗೆ ಇಟ್ಟುಕೊಂಡು ಬಸ್ ಸ್ಟ್ಯಾಂಡ್ ಕಡೆ ಓಡಿದ.